ಅಕ್ಕ ಕಲಿಸಿದ ಉತ್ತರ

ನಮ್ಮ ಅಕ್ಕ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಕಣ್ಣು ಮುಚ್ಚುತ್ತಿದ್ದಳು. ಒಳಗೆ ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಸದ್ದು ಬರುತ್ತದೆ. ಬಂದರೆ ಕಾಯಿ ಅಟ್ಟದಿಂದ ಕೆಳಕ್ಕೆ, ಬಾರದಿದ್ದರೆ ಮತ್ತೆ ಮೂಲೆಗೆ. ಸುಲಿದೂ ಸುಲಿದೂ ಅವಳ ಬಲಗೈ ಹೆಬ್ಬೆರಳಿನ ಉಗುರು ಸೀಳಿಹೋಗಿತ್ತು. ಆ ಸೀಳಿನಲ್ಲಿ ಯಾವಾಗಲೂ ಕಂದು ನಾರಿನ ಎಳೆಯೊಂದು ಸಿಕ್ಕಿಕೊಂಡಿರುತ್ತಿತ್ತು.

ಚನ್ನರಾಯಪಟ್ಟಣದಲ್ಲಿ ನಮ್ಮದು ಕೊಬ್ಬರಿ ವ್ಯಾಪಾರ. ಅಕ್ಕನನ್ನು ನುಗ್ಗೇಹಳ್ಳಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದವಳು, ನಮ್ಮ ಮನೆಗೇ ಬಂದಳು. ಅಪ್ಪ ಆಗಲೇ ಇರಲಿಲ್ಲ. ನಾನು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತವನು. ಅವಳಿಗಿಂತ ಚಿಕ್ಕವನಾದರೂ ಮನೆಗೆ ಗಂಡಸು ನಾನೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವ್ವನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಅಕ್ಕ ಜೊತೆಗಿದ್ದಳು. ಅವ್ವ ಉಳಿಯಲಿಲ್ಲ. ಅಕ್ಕ ಅಲ್ಲಿಂದ ಒಂದಿಷ್ಟು ಇಂಗ್ಲಿಷ್ ಕಲಿತು ಬಂದಳು. ಅಲ್ಲಿನ ದೊರೆಸಾನಿ ಡಾಕ್ಟರು ಬೆಳಿಗ್ಗೆ ಮಂಚದಿಂದ ಮಂಚಕ್ಕೆ ಹೋಗುತ್ತಾ ಕಾಯಿಲೆಯವರ ಹತ್ತಿರ ಆಡುತ್ತಿದ್ದ ಮಾತುಗಳವು. "ಶಲ್ ವಿ ಸಿಟ್ ಅಪ್?" "ಲೆಟ್ ಅಸ್ ಡ್ರಿಂಕ್ ಸಮ್ ಮಿಲ್ಕ್." "ವೈ ಡೋಂಟ್ ವಿ ವಾಕ್ ಎ ಲಿಟಲ್?" ಅರ್ಥವನ್ನು ನರ್ಸಮ್ಮ ಒಬ್ಬರು ಹೇಳಿಕೊಟ್ಟಿದ್ದರಂತೆ.

ಅಟ್ಟದ ಮೇಲೆ ಕಾಯಿ ಆರಿಸುವಾಗ ಅಕ್ಕ ಅವನ್ನೇ ನನಗೆ ಕಲಿಸಿದಳು. ಅವಳು "ಶಲ್ ವಿ ಈಟ್?" ಅಂದರೆ ನಾನು "ಯೆಸ್, ಲೆಟ್ ಅಸ್" ಅನ್ನಬೇಕು.

"ಬ್ಯಾಡ ಅನ್ನಾಂಗಿದ್ರೆ?" ಎಂದು ಕೇಳಿದೆ.

"ಮಕಕ್ಕೆ ಒಡ್ದಂಗೆ ಬ್ಯಾಡ ಅನ್ಬಾರ್ದಂತೆ ಕಣ್ಲಾ. 'ಲೆಟ್ ಅಸ್ ವೇಟ್ ಎ ಲಿಟಲ್' ಅನ್ಬೇಕು. ಒಸಿ ತಡ್ಯಾನ ಅಂತ."

ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ಬಾನಿ ಇಟ್ಟು "ಶಲ್ ವಿ ಡ್ರಿಂಕ್ ವಾಟರ್?" ಅಂದೆ. ಅದು ಬಾಲ ಆಡಿಸಿತು. ಅಕ್ಕ ಅಟ್ಟದ ಮೇಲಿಂದಲೇ, "ನಿನಗಿಂತ ಅದೇ ವಾಸಿ ಕಣ್ಲಾ, ಒಂದೇ ಸಲಕ್ಕೆ ಕಲ್ತ್ಕತು" ಎಂದು ನಕ್ಕಳು.

ಇನ್ನೊಂದು ದಿನ ಕೇಳಿದೆ: "ಅಲ್ಲಕ್ಕ, ಇದ್ರಾಗೆ ಅಂಥಾದ್ದೇನೈತೆ? ಕೂತ್ಕಳಾನ್ವಾ, ಉಣ್ಣಾನ್ವಾ ಅನ್ನಾದು ನಮ್ಮಲ್ಲಿಲ್ವಾ?"

"ಐತೆ. ನನ್ನ ಯಾರು ಅಂಗೆ ಕೇಳವ್ರೆ?"

ನಗುತ್ತಲೇ ಅಂದಳು. ನಾನೂ ನಕ್ಕೆ. ಆಮೇಲೆ ಯೋಚಿಸಿದರೆ ನಿಜ. ನುಗ್ಗೇಹಳ್ಳಿಗೆ ಹೋಗುತ್ತೀಯಾ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ವಾಪಸು ಬರುತ್ತೀಯಾ ಎಂದೂ ಕೇಳಲಿಲ್ಲ. ಗಾಡಿ ಕಳಿಸಿದ್ದೆವು, ಬಂದಳು.

ಆ ವರ್ಷವೇ ದೊರೆಸಾನಿ ಡಾಕ್ಟರು ಹೇಳಿಕಳಿಸಿದರು. ಅಕ್ಕನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಹೆರಿಗೆ ಕೆಲಸ ಕಲಿಸುತ್ತಾರೆ, ಇರಲು ಜಾಗ ಕೊಡುತ್ತಾರೆ. ಮನೆಯ ಗಂಡಸು ಬಂದು ಒಪ್ಪಿಗೆ ಹೇಳಬೇಕು. ಅಕ್ಕ ನನ್ನಿಂದ "ಯೆಸ್, ಲೆಟ್ ಅಸ್" ಎಂಬ ಉತ್ತರವನ್ನು ಮತ್ತೆ ಮತ್ತೆ ಹೇಳಿಸಿದಳು. "ಇಂಗ್ಲಿಷ್‌ನಲ್ಲೇ ಏಳ್ಲಾ. ನಮ್ಮನೇರೂ ಮಾತಾಡ್ತಾರೆ ಅಂತ ಗೊತ್ತಾಗ್ಲಿ" ಎಂದಳು. ಹೊರಡುವ ದಿನ ಅವ್ವನ ಸೀರೆ ಉಟ್ಟುಕೊಂಡಳು.

ನನ್ನ ಹೆಂಡತಿ ಆಗ ಬಸುರಿ. ಅಟ್ಟದ ತುಂಬ ಕಾಯಿ. ಕಂಡವರ ಮೈಲಿಗೆ ಮುಟ್ಟುವ ಕೆಲಸಕ್ಕೆ ಮನೆ ಹೆಣ್ಣನ್ನು ಬಿಡುತ್ತೀಯೇನೋ ಎಂದು ದೊಡ್ಡಪ್ಪ ಅಂದಿದ್ದರು. ಕಾರಣ ಕೇಳಿದವರಿಗೆಲ್ಲ ದೊಡ್ಡಪ್ಪನ ಮಾತನ್ನೇ ಹೇಳುತ್ತಾ ಬಂದಿದ್ದೇನೆ. ಅದಲ್ಲ. ಬೆಳಿಗ್ಗೆ ನಾನು ಅಂಗಡಿಗೆ ಹೋಗುವ ಮುಂಚೆ ಅಕ್ಕ ಕಾವಲಿಯಿಂದ ತೆಗೆದು ಬಿಸಿ ರೊಟ್ಟಿ ಹಾಕುತ್ತಿದ್ದಳು. ಅದು ನಿಲ್ಲುತ್ತದೆ ಎನ್ನುವುದೇ ನನ್ನ ತಲೆಯಲ್ಲಿತ್ತು.

ಡಾಕ್ಟರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ನನಗೆ ಇಂಗ್ಲಿಷ್ ಬರುತ್ತದೆ ಎಂದು ಮೊದಲೇ ಹೇಳಿದ್ದಳೆಂದು ಕಾಣುತ್ತದೆ. ಅವರು ನಿಧಾನವಾಗಿ, ಬಿಡಿಸಿ ಕೇಳಿದರು: "ಶಲ್ ವಿ ಕೀಪ್ ಯುವರ್ ಸಿಸ್ಟರ್ ವಿತ್ ಅಸ್?"

ಅರ್ಥವಾಯಿತು. ನನಗೆ ಅರ್ಥವಾಗಲಿಲ್ಲ ಎಂದು ಯಾರೂ ತಿಳಿಯಬಾರದು.

"ಲೆಟ್ ಅಸ್ ವೇಟ್ ಎ ಲಿಟಲ್, ಮೇಡಂ" ಅಂದೆ.

ಅವರು ತಲೆಯಾಡಿಸಿ, ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಕನ್ನಡದಲ್ಲಿ ಹೇಳಿದರು. ನಾನು ಬಾಗಿಲ ಕಡೆ ನೋಡಲಿಲ್ಲ.

ಪೆಟ್ರೋಲು ಸಿಗದೆ ಆಗ ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ವಾಪಸು ಬರುವಾಗ ಶಾಂತಿಗ್ರಾಮದಲ್ಲಿ ಬಸ್ಸು ನಿಲ್ಲಿಸಿ ಕ್ಲೀನರು ಹಿಂದಿನ ಒಲೆಯನ್ನು ಸರಳಿನಿಂದ ಕೆದಕತೊಡಗಿದ. ಎಲ್ಲರೂ ಇಳಿದರು, ನಾವೂ ಇಳಿದೆವು. ಅಕ್ಕ ರಸ್ತೆ ಪಕ್ಕದಲ್ಲಿ ನಿಂತು, ಅವ್ವನ ಸೀರೆಯ ಮೇಲೆ ಕೂತ ಮಸಿಯನ್ನು ಕೊಡವುತ್ತಾ ಅಂದಳು:

"ಚೆಂದಾಗಿ ಏಳ್ದೆ ಕಣ್ಲಾ. ಒಂದು ತಪ್ಪೂ ಬರ್ಲಿಲ್ಲ."

ಹಂಗಿಸಿದ್ದಲ್ಲ. ಪಾಠ ಒಪ್ಪಿಸಿದವನಿಗೆ ಹೇಳುವ ಹಾಗೆಯೇ ಹೇಳಿದಳು.

ಆ ಜಾಗಕ್ಕೆ ಅರಕಲಗೂಡಿನ ಕಡೆಯ ಹುಡುಗಿಯೊಬ್ಬಳು ಸೇರಿದಳೆಂದು ಕೇಳಿದೆ. ನನ್ನ ಮಗ ಹುಟ್ಟಿದ. ಅವನನ್ನು ಕೈಗೆ ತೆಗೆದುಕೊಂಡವಳು ಅಕ್ಕನೇ. ಜಾಗ ತುಂಬಿದ್ದರೂ ಹೆರಿಗೆಯಾದ ಮೇಲೆ ಹಾಸನಕ್ಕೆ ಹೋಗಿ ಇನ್ನೊಮ್ಮೆ ಕೇಳಬಹುದಿತ್ತು. ಹೋಗಲಿಲ್ಲ. ಅಕ್ಕ ಮುಂಚಿನ ಹಾಗೆಯೇ ರೊಟ್ಟಿ ತಟ್ಟಿದಳು, ಕಾಯಿ ಸುಲಿದಳು. ಶಲ್ ವಿ ಎಂದು ಮಾತ್ರ ಮತ್ತೆ ಅನ್ನಲಿಲ್ಲ. ನಾನು ಹೇಳಿದ್ದಕ್ಕೆ "ಊಂ" ಅನ್ನುತ್ತಿದ್ದಳು.

ಕೆಲವು ವರ್ಷಕ್ಕೆ ಅವಳಿಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಪಂಡಿತರ ಕಷಾಯ ಆಯಿತು. ಅವಳು ನೀರನ್ನೂ ನುಂಗದೆ ಹೋದ ದಿನ ನಾನು ಚಾಪೆಯ ಪಕ್ಕ ಕೂತು ಕೇಳಿದೆ:

"ಮದ್ಯಾನ್ನದ್ ಬಸ್ಸಿಗೆ ಆಸ್ಪತ್ರೆಗೆ ಓಗಾನ್ವಾ ಅಕ್ಕ?"

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಆಮೇಲೆ ನನ್ನ ಹಿಂದಿನ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಯಾರ್ನ್ಲಾ ಕೇಳ್ತಿದ್ದೀಯ?" ಅಂದಳು.

"ನಿನ್ನೇ ಕಣಕ್ಕ."

ಅವಳು ಕಣ್ಣು ಮುಚ್ಚಿದಳು. ಕಾಯಿ ಅಲ್ಲಾಡಿಸಿ ಸದ್ದು ಕೇಳುವಾಗ ಮುಚ್ಚುತ್ತಿದ್ದ ಹಾಗೆಯೇ. ಏನಾದರೂ ಹೇಳುತ್ತಾಳೆಂದು ಕೂತೇ ಇದ್ದೆ. ಬಸ್ಸು ಬಂದು ನಿಂತು ಹೋದದ್ದು ಕೇಳಿಸಿತು. ಹೆಂಡತಿ ಒಳಗಿನಿಂದ ಬಂದು ಅವಳ ಕೈ ಮುಟ್ಟಿ ನೋಡಿ ಅಳತೊಡಗಿದಳು. ನಾನು ಇನ್ನೂ ಉತ್ತರಕ್ಕೆ ಕಾಯುತ್ತಿದ್ದೆ.