ಅಕ್ಕನ ಮೂಗು, ನನ್ನ ಬಾಟಲಿ

ಯಾರಿಗೇ ನೀರು ಕೊಡಲಿ, ಅಕ್ಕ ಲೋಟವನ್ನು ಮೊದಲು ತನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಏಳು ಹರಳಿನ ಮೂಗುತಿ ಒಮ್ಮೆ ಅಲುಗಿ ನಿಂತರೆ ನೀರು ಪಾಸಾಯಿತು ಎಂದರ್ಥ. ಮೂಗು ಮುರಿದಳೋ, ಆ ನೀರು ಸೀದಾ ಬೀದಿಗೆ.

ಹಿರಿಯೂರಿನಿಂದ ಜವನಗೊಂಡನಹಳ್ಳಿ ಕಡೆ ಹೋಗುವ ಹೆದ್ದಾರಿಯಲ್ಲಿ, ಪೆಟ್ರೋಲ್ ಬಂಕೊಂದರ ಕಾಂಪೌಂಡಿಗೆ ಅಂಟಿಕೊಂಡಂತೆ, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಅವಳ ಟೀ ಹೋಟೆಲಿತ್ತು. ಕುರಿ ಕಾಯುವವರ ಮನೆಯ ಮಗಳು. ಅವಳ ಅಪ್ಪ ಮಂದೆಯನ್ನು ಯಾವ ಕಟ್ಟೆಗೂ ನೇರ ಬಿಡುತ್ತಿರಲಿಲ್ಲವಂತೆ. ಬೊಗಸೆಯಲ್ಲಿ ನೀರು ಹಿಡಿದು ತಾನು ಮೂಸಿದ ಮೇಲೆಯೇ ಕುರಿಗಳಿಗೆ ಅಪ್ಪಣೆ. ಬಂಕಿನವರು ದೊಡ್ಡ ಚಾವಣಿ ಹಾಕಿಸಿ ಬಣ್ಣದ ದೀಪ ಬಿಟ್ಟಾಗ ಊರೆಲ್ಲ ಹೊಗಳಿದರೆ, ಅಕ್ಕ ಮಾತ್ರ ಮೂಗಿಗಿಂತ ಮೂಗುತಿ ಭಾರ ಆಯ್ತು ಅಂದಿದ್ದಳು.

ತನ್ನ ಬೋರಿನ ನೀರಿನಲ್ಲಿ ಪೆಟ್ರೋಲಿನ ವಾಸನೆ ಇದೆಯೆಂದು ಮೊದಲು ಹಿಡಿದದ್ದೂ ಆ ಮೂಗೇ. ಬಂಕಿನ ಮಾಲೀಕನಿಗೆ ಹೇಳಿದರೆ, ಬಂಕಿನ ಪಕ್ಕ ಕೂತವರಿಗೆ ಮಲ್ಲಿಗೆ ವಾಸನೆ ಬರುತ್ತದೆಯೇ ಎಂದು ನಕ್ಕನಂತೆ. ಟೀಯೂ ಪೆಟ್ರೋಲು ವಾಸನೆ ಹೊಡೆಯುತ್ತಿದ್ದುದರಿಂದ ಲಾರಿ ಡ್ರೈವರುಗಳು ಒಬ್ಬೊಬ್ಬರೇ ಮುಂದಿನ ಹೋಟೆಲಿಗೆ ಹೋಗತೊಡಗಿದ್ದರು. ಬೇರೆ ನೀರಿಲ್ಲದೆ ಅಕ್ಕ ಮತ್ತು ಅವಳ ಮಗಳು ಕುಡಿಯುವುದೂ ಅದೇ ನೀರು. ಅಕ್ಕ ಪಂಚಾಯಿತಿಗೆ ಅರ್ಜಿ ಕೊಟ್ಟಳು, ಪಂಚಾಯಿತಿಯವರು ನಾನು ಕೆಲಸಕ್ಕಿದ್ದ ಚಿತ್ರದುರ್ಗದ ಲ್ಯಾಬಿಗೆ ಬರೆದರು, ಮಣ್ಣು ಮತ್ತು ನೀರು ತರಲು ನಾನು ಹೋದೆ.

ಬೆಳಗ್ಗೆಯಿಂದ ಬಂಕಿನ ಅಂಗಳದಲ್ಲಿ ಮೂರು ಕಡೆ ಕೊರೆಸಿ ಮಣ್ಣು ತುಂಬಿಕೊಂಡೆವು. ಟ್ಯಾಂಕಿನ ಹತ್ತಿರದ ಮಣ್ಣು ಜಿಡ್ಡಾಗಿತ್ತು. ಆ ಎಣ್ಣೆ ಅಕ್ಕನ ಬೋರಿನವರೆಗೆ ಹೋಗಿದೆಯೇ ಎಂಬುದೇ ಪ್ರಶ್ನೆ. ಬೋರಿನ ಹತ್ತಿರ ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಮತ್ತೆ ಬರುವುದು ನಾಲ್ಕು ಗಂಟೆಗೆ. ಪೈಪಿನಲ್ಲಿ ನಿಂತ ನೀರು ಹೋಗಲು ಮೋಟಾರು ಅರ್ಧ ಗಂಟೆ ಓಡಬೇಕು, ಆಮೇಲೆ ಬರುವ ನೀರನ್ನು ಒಂದು ಗುಳ್ಳೆಯೂ ಉಳಿಯದಂತೆ ಬಾಟಲಿಯ ಬಾಯಿಮಟ್ಟ ತುಂಬಬೇಕು. ಪೆಟ್ರೋಲಿನ ಅಂಶ ಗಾಳಿ ಸಿಕ್ಕರೆ ಹಾರಿಹೋಗುತ್ತದೆ. ಇದೆಲ್ಲ ನನಗೆ ಬಾಯಿಪಾಠ.

"ಕರೆಂಟಿಗ್ಯಾಕೆ ಕಾಯ್ತೀರಿ, ಕುಂತ್ಕಳ್ರಿ. ನೀವು ಬರ್ತೀರಿ ಅಂತ ಕೊಡಪಾನದಾಗೆ ನೀರು ಇಟ್ಟೀನಿ. ಅದೇ ಬೋರಿಂದೇ," ಎಂದಳು ಅಕ್ಕ.

ಬಿಸಿಲು ನೆತ್ತಿ ಸುಡುತ್ತಿತ್ತು, ಹೊಟ್ಟೆ ಹಸಿದಿತ್ತು. ನಾನು ಕೊಡಪಾನದಿಂದಲೇ ಬಾಟಲಿ ತುಂಬಿಕೊಂಡೆ. ಗುಳ್ಳೆ ಇಲ್ಲದಂತೆ ತುಂಬಿದೆ ಎಂಬ ಹೆಮ್ಮೆ ಬೇರೆ.

ಬೋರಿನ ನೀರಿನಲ್ಲಿ ದೋಷವಿಲ್ಲ ಎಂದು ವರದಿ ಬಂತು. ಬಂಕಿನವನು ಕೈತೊಳೆದುಕೊಂಡ.

ಆರು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗುವಾಗ ಟೀಗೆ ನಿಂತೆ. ದೇವರ ಪಟದ ಪಕ್ಕದಲ್ಲೇ ಅಕ್ಕ ನನ್ನ ವರದಿಗೆ ಪ್ಲಾಸ್ಟಿಕ್ ಹೊದಿಸಿ ತೂಗುಹಾಕಿದ್ದಳು. ವಾಸನೆ ಎಂದವರಿಗೆಲ್ಲ ಅದನ್ನು ತೋರಿಸಿ ಬೈಯುತ್ತಿದ್ದಳಂತೆ. ನನಗೆ ನೀರು ತಂದಿಟ್ಟಳು, ಮೂಗಿನ ಹತ್ತಿರ ಹಿಡಿಯಲಿಲ್ಲ. ಲೋಟ ತುಟಿಗೆ ಬರುವ ಮೊದಲೇ ಪೆಟ್ರೋಲಿನ ವಾಸನೆ ನನ್ನ ಮೂಗಿಗೆ ಬಡಿಯಿತು.

ಯಾಕಕ್ಕ, ಈಗ ಮೂಸಿ ನೋಡಲ್ವಾ ಎಂದೆ.

"ನನ್ನ ಮೂಗು ಕೆಟ್ಟೋಗೈತೆ ಸಾರ್. ಮಿಷನ್ನಾಗೆ ನೋಡಿ ಬರ್ದೀರಿ, ಅದು ಸುಳ್ಳಾಗ್ತೈತಾ?" ಎಂದಳು. ಮುಖದಲ್ಲಿ ನಾಚಿಕೆಯಿತ್ತು, ಇಷ್ಟು ದಿನ ಸುಮ್ಮನೆ ಎಲ್ಲರಿಗೂ ತೊಂದರೆ ಕೊಟ್ಟೆ ಎನ್ನುವಂತೆ.

ಆ ದಿನದ ಕೊಡಪಾನದ ನೀರನ್ನು ಯಾವಾಗ ಹಿಡಿದಿಟ್ಟದ್ದು ಎಂದು ಕೇಳಿದೆ. ಹಿಂದಿನ ದಿನ ಎಂದಳು. ಬಂದವರಿಗೆ ನಾರುವ ನೀರು ಕೊಡುವುದು ಹೇಗೆಂದು ಬಟ್ಟೆಯಲ್ಲಿ ಸೋಸಿ, ಅಗಲವಾದ ಬೋಗುಣಿಯಲ್ಲಿ ಬಿಸಿಲಿಗಿಟ್ಟು, ಆಮೇಲೆ ಟೀ ಆರಿಸುವ ಹಾಗೆ ಈ ಪಾತ್ರೆಯಿಂದ ಆ ಪಾತ್ರೆಗೆ ಎತ್ತಿ ಎತ್ತಿ ಹೊಯ್ದಿದ್ದಳು, ವಾಸನೆ ಹೋಗುವವರೆಗೂ. ಅಷ್ಟು ಚೆನ್ನಾಗಿ ಪೆಟ್ರೋಲನ್ನು ನೀರಿನಿಂದ ಓಡಿಸುವುದು ನಮ್ಮ ಲ್ಯಾಬಿನವರಿಗೂ ಆಗುತ್ತಿರಲಿಲ್ಲ. ನಾನು ಕೇಳಿದ್ದರೆ ಅಂದೇ ಹೇಳುತ್ತಿದ್ದಳು. ನಾನು ಕೇಳಿರಲಿಲ್ಲ.

ಆ ಕ್ಷಣದಲ್ಲೇ ಹೇಳಿಬಿಡಬೇಕಿತ್ತು: ಅಕ್ಕ, ತಪ್ಪು ನನ್ನದು, ನಿನ್ನ ಮೂಗಿನದಲ್ಲ, ಈ ನೀರು ಕುಡಿಯಬೇಡ. ನನ್ನ ಬಾಯಿಂದ ಬಂದದ್ದು, ಇನ್ನೊಂದು ಸಲ ಟೆಸ್ಟ್ ಮಾಡೋಣ, ಅಲ್ಲಿವರೆಗೆ ಕ್ಯಾನ್ ನೀರು ತರಿಸಿಕೋ, ಅಷ್ಟೇ. ಕೆಲಸ ಹೋದೀತೆಂಬ ಭಯ. ಅವಳು ನಕ್ಕು, ಕಾಗದ ಇರುವಾಗ ಕ್ಯಾನ್ ಯಾಕೆ ಎಂದಳು. ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಮೇಲಿನವರ ಎದುರು ತಪ್ಪೊಪ್ಪಿಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ಅವರು ಬೈದರು, ಕೆಲಸದಿಂದ ತೆಗೆಯಲಿಲ್ಲ. ಈ ಸಲ ಬೇರೆಯವರು ಹೋಗಿ, ಮಾಮೂಲಿ ತಪಾಸಣೆ ಎಂದಷ್ಟೇ ಅಕ್ಕನಿಗೆ ಹೇಳಿ, ಮೋಟಾರು ಓಡಿಸಿ ನೀರು ತಂದರು. ವರದಿ ಬರಲು ಮೂರು ವಾರವಾಯಿತು. ನೀರಿನಲ್ಲಿ ಪೆಟ್ರೋಲು ಇತ್ತು, ಬೇಕಾದಷ್ಟಿತ್ತು. ಮುಂದೆ ಎಷ್ಟೋ ದಿನಕ್ಕೆ ಬಂಕಿನ ನೆಲ ಅಗೆಸಿದಾಗ ಟ್ಯಾಂಕಿನ ಪೈಪಿನ ಸಂದು ಬಿಟ್ಟುಕೊಂಡಿದ್ದು ಸಿಕ್ಕಿತು.

ಹೊಸ ವರದಿಯನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ನಾನೇ ಕೊಡಬೇಕೆಂದು ಬಸ್ಸು ಹತ್ತಿದೆ. ಹೋಟೆಲಿನ ಒಲೆ ಉರಿಯುತ್ತಿರಲಿಲ್ಲ. ಅಕ್ಕ ತೀರಿಕೊಂಡು ಹದಿನೈದು ದಿನವಾಗಿತ್ತು. ಎದೆ ಹಿಡಿದುಕೊಂಡಿತು, ಹಿರಿಯೂರಿನ ಆಸ್ಪತ್ರೆ ಮುಟ್ಟಲಿಲ್ಲ ಎಂದಳು ಮಗಳು. ಅದಕ್ಕೂ ನೀರಿಗೂ ಸಂಬಂಧವಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಕೊನೆಯವರೆಗೂ ಆ ನೀರನ್ನು ಮೂಸದೆ ಕುಡಿದಳು, ನನ್ನ ಕಾಗದ ನಂಬಿ.

ಗೋಡೆಯ ಮೇಲೆ ಹಳೆಯ ವರದಿ ಹಾಗೇ ಇತ್ತು. ಅದನ್ನು ತೆಗೆದು, ಹೊಸದನ್ನು ಮಗಳ ಕೈಗೆ ಕೊಟ್ಟೆ. ಕೊಡಪಾನದ ಸಂಗತಿಯನ್ನು ಒಂದೂ ಬಿಡದೆ ಹೇಳಿದೆ. "ನಿಮ್ಮವ್ವನ ಮೂಗು ಸರಿಯಾಗೇ ಇತ್ತು ಕಣಮ್ಮ," ಎಂದೆ.

ಅವಳು ಕಾಗದವನ್ನು ತಿರುಗಿಸಿ ನೋಡಿ ಮಡಿಸಿದಳು.

"ಅದನ್ನ ಅವ್ವಂಗೆ ಹೇಳಬೇಕಿತ್ತು ಸಾರ್," ಎಂದಳು.