ತುಳಸಿ ತೆನೆ, ಕುಂಬಳದ ಹೀಚು

ಗೆಳೆಯರೇ, ಮಾಲೂರಿನ ನಮ್ಮ ಹಿತ್ತಲಲ್ಲಿ ಸಿಹಿಕುಂಬಳದ ಹೀಚೆಲ್ಲ ಉದುರುತ್ತಿದೆ. ಜೇನು ಬರಲಿ ಅಂತ ಬಳ್ಳಿಯ ಪಕ್ಕದಲ್ಲೇ ಆರು ತುಳಸಿ ಗಿಡ ನೆಟ್ಟು, ತೆನೆ ಕೀಳದೆ ಹಾಗೇ ಬಿಟ್ಟಿದ್ದೆ. ಇವತ್ತು ಶನಿವಾರ. ಬೆಳಿಗ್ಗೆ ನೋಡಿದರೆ ಒಂದು ಗಿಡದಲ್ಲೂ ತೆನೆಯಿಲ್ಲ.

"ತೆನೆ ಬಿಟ್ರೆ ಗಿಡಕ್ಕೆ ತಲೆಭಾರ ಕಣಮ್ಮ. ಎಲ್ಲಾ ಕಿತ್ತು ಸ್ವಾಮಿಗೆ ಹಾರ ಹಾಕ್ದೆ," ಎಂದರು ಅತ್ತೆ.

"ಅದು ಜೇನಿಗೆ ಅಂತ ಬಿಟ್ಟಿದ್ದು ಅತ್ತೆ! ಜೇನು ಬರ್ದೆ ಕಾಯಿ ಹೆಂಗೆ ಕಚ್ಚುತ್ತೆ?"

"ದೇವ್ರಿಗಿಂತ ನಿನ್ನ ಜೇನು ಹೆಚ್ಚಾ?"

ಅರ್ಧ ಗಂಟೆಯಲ್ಲಿ ದೇವರ ಮನೆಯಿಂದ ಅತ್ತೆಯ ಕೂಗು: "ಲೇ, ಬೇಗ ಬಾರೇ! ಹಾರದ ತುಂಬ ಜೇನು, ಮಂಗಳಾರತಿ ಎತ್ತಕ್ಕೂ ಬಿಡ್ತಿಲ್ಲ!"

ನಾನು ನೇರ ಹಿತ್ತಲಿಗೆ ಹೋದೆ. ಕುಂಬಳದ ಬಳ್ಳಿಯನ್ನು ತಿರುಗಿಸಿ ಅಲ್ಲಿಗೇ ತೆರೆಯುವ ದೇವರ ಮನೆಯ ಕಿಟಕಿಗೆ ಕಟ್ಟಿದೆ.