ಮಡಚು ಸೀಟು ಕೇಳಿ ಬಂದ ಹಿರಿಯರು

ಬೆಳಗಿನ ಐದು ಗಂಟೆ. ಎಲ್ಮೈರಾ ವಿಮಾನ ನಿಲ್ದಾಣದಲ್ಲಿ ರಾತ್ರಿಯ ಹಿಮವನ್ನು ಈಗಷ್ಟೇ ಬಳಿದು ಹಾಕಿದ್ದಾರೆ. ಐವತ್ತು ಸೀಟಿನ ವಿಮಾನಕ್ಕೆ ಟಾರ್ಚ್ ಹಿಡಿದು ಸುತ್ತು ಹಾಕುತ್ತಿದ್ದಾರೆ ಕ್ಯಾಪ್ಟನ್ ಮಾರ್ಲಾ ಶಿಮಾನ್ಸ್ಕಿ. ಟೈರು ಮುಟ್ಟುತ್ತಾರೆ, ರೆಕ್ಕೆಯಡಿ ಬಗ್ಗಿ ನೋಡುತ್ತಾರೆ. ಬಾಲದ ತುಂಬ ದೊಡ್ಡ ಕಂಪನಿಯ ಬಣ್ಣ. ಅದರ ಪರವಾಗಿ ವಿಮಾನ ಹಾರಿಸಿ ಮಾರ್ಲಾಗೆ ಸಂಬಳ ಕೊಡುವ ಸಣ್ಣ ಕಂಪನಿಯ ಹೆಸರು ಬಾಗಿಲ ಕೆಳಗಿದೆ, ಬೆರಳಗಲದ ಅಕ್ಷರದಲ್ಲಿ.

"ಇಳಿಯೋವಾಗ ಜನ ಥ್ಯಾಂಕ್ಸ್ ಹೇಳೋದು ಬಾಲಕ್ಕೆ, ನಂಗಲ್ಲ" ಎಂದು ನಗುತ್ತಾರೆ. ನಗುವಿನಲ್ಲಿ ಖಾರವಿದೆ.

ನಲವತ್ತಾರರ ಮಾರ್ಲಾ ಮೂರೂವರೆಗೇ ಎದ್ದಿದ್ದಾರೆ. ದಿನಕ್ಕೆ ನಾಲ್ಕು ಹಾರಾಟ. ದಿನದ ಊಟವೆಂದರೆ ಚೀಲದಲ್ಲಿಟ್ಟುಕೊಂಡ ಬ್ರೆಡ್ಡು. ದೊಡ್ಡ ಕಂಪನಿಗೆ ಏಳು ಸಲ ಅರ್ಜಿ ಹಾಕಿದ್ದಾರೆ, ಒಮ್ಮೆಯೂ ಕರೆ ಬಂದಿಲ್ಲ. ಅಲ್ಲಿನವರಿಗೆ ಮೂರು ಪಟ್ಟು ಸಂಬಳ, ಕಾಕ್‌ಪಿಟ್ಟಿಗೇ ಬಿಸಿ ಊಟ. "ಹೊಟ್ಟೆ ಉರಿಯಲ್ವಾ ಅಂತ ಕೇಳ್ಬೇಡಿ. ಉರಿಯುತ್ತೆ. ದಿನಾ ಉರಿಯುತ್ತೆ."

ಉರಿ ಒಂದೇ ಕಡೆಯದಲ್ಲ. ಎಲ್ಮೈರಾ–ಫಿಲಡೆಲ್ಫಿಯಾ ಮಾರ್ಗವನ್ನು ಹತ್ತೊಂಬತ್ತು ವರ್ಷ ಹಾರಿಸಿದವರು ದೊಡ್ಡ ಕಂಪನಿಯ ಕ್ಯಾಪ್ಟನ್ ವಾರೆನ್ ಗಿಲ್‌ಕ್ರಿಸ್ಟ್. ಮೂರು ತಿಂಗಳ ಹಿಂದೆ ಖರ್ಚು ಉಳಿಯುತ್ತದೆಂದು ಕಂಪನಿ ಅದನ್ನು ಮಾರ್ಲಾರ ಕಂಪನಿಗೆ ವಹಿಸಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತೆಂದು ವಾರೆನ್ ಊರೆಲ್ಲ ಹೇಳಿಕೊಂಡು ಬಂದರು. ಮನೆ ಎಲ್ಮೈರಾದಲ್ಲೇ ಇದ್ದರೂ ಈಗ ಅವರ ಕೆಲಸ ಶುರುವಾಗುವುದು ಫಿಲಡೆಲ್ಫಿಯಾದಿಂದ. ಪೈಲಟ್‌ಗಳ ಬೆನ್ನ ಹಿಂದಿನ ಮಡಚು ಸೀಟಿನಲ್ಲಿ ಕೂತು ಮಾರ್ಲಾರ ವಿಮಾನದಲ್ಲೇ ಅಲ್ಲಿಗೆ ಪುಕ್ಕಟೆ ಹೋಗಬಹುದು, ಆದರೆ ಬಾಗಿಲಿಗೆ ಬಂದು ಕ್ಯಾಪ್ಟನ್ನರ ಅಪ್ಪಣೆ ಕೇಳಬೇಕು. ಮಾರ್ಲಾರನ್ನು ಕೇಳುವ ಬದಲು ಅವರು ಮೂರು ತಿಂಗಳು ನಾಲ್ಕು ನಾಲ್ಕು ಗಂಟೆ ಕಾರು ಓಡಿಸಿದರು.

ಇವತ್ತು ಹಿಮ ಬಿದ್ದು ಹೆದ್ದಾರಿ ಮುಚ್ಚಿದೆ. ಐವತ್ತೂ ಸೀಟು ಭರ್ತಿ. ಟೋಪಿ ಕೈಯಲ್ಲಿ ಹಿಡಿದು ವಾರೆನ್ ಬಾಗಿಲಲ್ಲಿ ನಿಂತಿದ್ದಾರೆ.

"ಕ್ಯಾಪ್ಟನ್, ನನ್ನನ್ನೂ ಕರ್ಕೊಂಡು ಹೋಗ್ತೀರಾ?"

"ಆಗಲ್ಲ ಅಂದ್ಬಿಡಿ, ಒಂದೇ ಒಂದ್ಸಲ" ಎಂದು ಸಹಪೈಲಟ್ ಲೂಪೆ ಪಿಸುಗುಡುತ್ತಾರೆ.

ಮಾರ್ಲಾಗೂ ಬಾಯಿ ತುದಿಗೆ ಅದೇ ಬಂದಿದೆ. ಹದಿನೈದು ವರ್ಷದ ಹಿಂದೆ ದೊಡ್ಡ ಕಂಪನಿಯ ಕ್ಯಾಪ್ಟನ್ ಒಬ್ಬರು ತನ್ನನ್ನು ಹೀಗೇ ಬಾಗಿಲಲ್ಲಿ ಅರ್ಧ ಗಂಟೆ ಕಾಯಿಸಿ, ಆಗಲ್ಲ ಎಂದದ್ದನ್ನು ಅವರು ಮರೆತಿಲ್ಲ. ಅಂದು ಅವರಿಗೆ ಅಕ್ಕನ ಮದುವೆ ತಪ್ಪಿಹೋಯಿತು.

"ಕೂತ್ಕೊಳ್ಳಿ ಸರ್. ಮೊಣಕಾಲು ಜೋಪಾನ, ನಿಮ್ಮದರಷ್ಟು ದೊಡ್ಡ ವಿಮಾನ ಅಲ್ಲ ಇದು."

ವಾರೆನ್ ಬೆಲ್ಟು ಬಿಗಿದುಕೊಳ್ಳುತ್ತಾರೆ. ಎಂಜಿನ್ ಶುರುವಾಗುವ ಮುನ್ನ ಕೆಮ್ಮಿ, "ಒಂದು ಮಾತು. ಮೇಲೆದ್ದ ಮೇಲೆ ಕಲ್ಲಿನ ಕ್ವಾರಿ ಬರುತ್ತಲ್ಲ, ಅಲ್ಲಿ ಗಾಳಿ ಎಡಗಡೆ ರೆಕ್ಕೇನ ಎತ್ತುತ್ತೆ. ಇದನ್ನ ನಾನು ಯಾರಿಗೂ ಹೇಳಿಲ್ಲ" ಎನ್ನುತ್ತಾರೆ.

"ಥ್ಯಾಂಕ್ಸ್ ಸರ್."

ವಿಮಾನ ಏಳುತ್ತದೆ. ಕ್ವಾರಿ ಬರುವ ಮೊದಲೇ ಮಾರ್ಲಾರ ಕೈ ಎಡಕ್ಕೆ ಅಷ್ಟೇ ಅಷ್ಟು ತಿರುಗಿರುತ್ತದೆ. ಗಾಳಿ ಬಂದು ಬಡಿಯುತ್ತದೆ, ಹಿಂದಿನವರ ಕಾಫಿ ಕೂಡ ಅಲುಗುವುದಿಲ್ಲ. ಹೇಳಿಸಿಕೊಂಡ ಕೈಯಲ್ಲ ಅದು, ರೂಢಿಯಾದ ಕೈ. ವಾರೆನ್ ಅದನ್ನೇ ನೋಡುತ್ತಾರೆ. ಆಮೇಲೆ ಫಿಲಡೆಲ್ಫಿಯಾದವರೆಗೂ ಕಿಟಕಿಯಾಚೆ ಮುಖ ತಿರುಗಿಸಿ ಕೂರುತ್ತಾರೆ.

ಅವರು ಇಳಿದು ಹೋದ ಮೇಲೆ ಮಾರ್ಲಾ ಬ್ರೆಡ್ಡು ಬಿಚ್ಚುತ್ತಾರೆ.

"ಅವರ ಕೆಲಸ ನಂಗೆ ಕೊಟ್ರೆ ನಾಳೆ ಬೆಳಿಗ್ಗೇನೇ ಹೋಗ್ತೀನಿ, ಸುಳ್ಯಾಕೆ ಹೇಳ್ಲಿ? ಆದ್ರೆ ಕ್ವಾರಿ ಹತ್ರ ನನ್ನ ಕೈ ಮೊದಲೇ ಹೋಗಿತ್ತು. ಅದನ್ನ ಅವರು ನೋಡಿದ್ರು. ಸಾಕು."